ಹೊಲಿಗೆ ಬಿಚ್ಚುವ ಮಾಸ್ಟ್ರು

ನಮ್ಮ ಬೀದಿಯ ದರ್ಜಿ ಮಾಸ್ಟ್ರು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. “ಮಾಸ್ಟ್ರೇ, ಮದುವೆಯಾಗಿ ಮಗೂನೂ ಆಯ್ತು, ಇನ್ನಾದ್ರೂ ಕೋಟು ಕೊಡಿ!” ಎಂದು ಗಿರಾಕಿ ಗೋಗರೆದರೆ, ಕನ್ನಡಕ ಹಣೆಗೇರಿಸಿ, “ಕಾಲರ್ ಕೂದಲೆಳೆಯಷ್ಟು ಸೊಟ್ಟಗಿದೆ ಸ್ವಾಮಿ, ಹೀಗೇ ಕೊಟ್ರೆ ನನ್ನ ಮಾನ ಹೋಗುತ್ತೆ” ಎನ್ನುತ್ತಾರೆ. ಅಷ್ಟರಲ್ಲಿ ಮದುಮಗನಿಗೆ ಹೊಟ್ಟೆ ಬಂದಿರುತ್ತದೆ. ಮತ್ತೆ ಅಳತೆ, ಮತ್ತೆ ಬ್ಲೇಡು. ಮಾಸ್ಟ್ರ ಹೆಂಡತಿ ಕಾಯಿಲೆ ಬಿದ್ದಾಗ ಆಕೆಗೂ ಒಂದು ನೀಲಿ ಕೋಟು ಕತ್ತರಿಸಿದರು. ವಾರವಾರವೂ ಆಕೆ ಇಳಿದುಹೋಗುತ್ತಿದ್ದರು, ವಾರವಾರವೂ ಇವರು ಅಳತೆ ತಪ್ಪಿತೆಂದು ಬಿಚ್ಚುತ್ತಿದ್ದರು. “ರೀ, ದೊಗಳೆಯಾದ್ರೂ ಪರವಾಗಿಲ್ಲ, ಕೊಡಿ, ಚಳಿ” ಎಂದು ಆಕೆ ಬೇಡಿದ್ದನ್ನು ನಾನೇ ಕೇಳಿದ್ದೇನೆ. ಆಕೆ ತೀರಿಕೊಂಡು ಎರಡು ವರ್ಷವಾಯಿತು. ನಿನ್ನೆ ಅಂಗಡಿಗೆ ಹೋದರೆ ಅದೇ ಕೋಟಿನ ತೋಳು ಬಿಚ್ಚುತ್ತಿದ್ದರು. “ಇನ್ಯಾರಿಗೆ ಮಾಸ್ಟ್ರೇ?” ಎಂದೆ. ತಲೆಯೆತ್ತದೆ, “ಅವಳ ಅಳತೆ ಇನ್ನು ಬದಲಾಗಲ್ಲ, ಈ ಸಲ ಸರಿಹೋಗುತ್ತೆ” ಎಂದರು.