ಮಂಚಿಕೇರಿಯಲ್ಲಿ ಶನಿವಾರವೇ ಕೇಳಿಸಿದ ಜಾವಾ

ಇಂಥ ಅನುಭವಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಳಗೊಳಗೇ ನಗು. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಕನಸಿನಲ್ಲಿ ಕಂಡದ್ದು ಮರುದಿನ ನಡೆಯಿತು ಎಂದು ಶುರು ಮಾಡಿದರೆ ಉತ್ತರ ಪತ್ರಿಕೆಯ ಕಟ್ಟು ಎತ್ತಿಕೊಂಡು ಲ್ಯಾಬಿಗೆ ಹೋಗಿ ಕೂತುಬಿಡುತ್ತಿದ್ದೆ. ಈಗ ನಾನೇ ಒಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನನಗೆ ಹಳೆಯ ಮೋಟಾರ್ ಸೈಕಲ್ಲುಗಳ ಹುಚ್ಚು. ಅಪ್ಪ ಸಿರಸಿಯಲ್ಲಿ ಲಾರಿ ಫಿಟ್ಟರ್ ಆಗಿದ್ದರು. ಸ್ಪ್ಯಾನರ್ ಹಿಡಿಯುವುದನ್ನು ನಾನು ಪೆನ್ಸಿಲ್ ಹಿಡಿಯುವುದರ ಜೊತೆಗೇ ಕಲಿತೆ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಸುಮಾರು ಮೂವತ್ತು ಜನರ ಒಂದು ವಾಟ್ಸಾಪ್ ಗುಂಪು ನಮ್ಮದು. ಯಾರಾದರೂ ಒಂದು ಹೆಡ್‌ಲೈಟಿನ ಫೋಟೋ ಹಾಕಿ ‘ಇದು ಯಾವುದು ಹೇಳಿ’ ಎಂದರೆ ಸಾಕು, ಜಗಳ ಶುರು. ಸೈಲೆನ್ಸರಿನ ಬಾಲ, ಟ್ಯಾಂಕಿನ ಬದಿಯ ರಬ್ಬರು, ಕಿಕ್ಕಿನ ಬಾಗು, ಇಷ್ಟರಿಂದಲೇ ಗಾಡಿಯ ಜಾತಕ ಹೇಳುವವರು ನಾವು. ಗುಂಪಿನಲ್ಲಿದ್ದ ಹೆಂಗಸು ನಾನೊಬ್ಬಳೇ. ನಾನು ಹೇಳಿದ್ದು ಸರಿಯಾದರೆ ‘ಟೀಚರ್‌ಗೆ ಲಕ್ಕು’ ಅನ್ನುತ್ತಿದ್ದರು. ಅವರು ಹೇಳಿದ್ದು ಸರಿಯಾದರೆ ಅದು ಅನುಭವ.

ಆರು ವರ್ಷದ ಹಿಂದೆ ಎಕ್ಕಂಬಿಯ ಒಂದು ಮುಚ್ಚಿಹೋದ ಅಕ್ಕಿ ಗಿರಣಿಯ ಹಿಂದೆ, ಉಮಿಯ ರಾಶಿಯಲ್ಲಿ ಅರ್ಧ ಹೂತಿದ್ದ ಒಂದು ಜಾವಾ ನನ್ನ ಕಣ್ಣಿಗೆ ಬಿತ್ತು. ಕೆಂಪು ಬಣ್ಣ ಎಂದು ಊಹಿಸಬೇಕು, ಅಷ್ಟು ತುಕ್ಕು. ಗಿರಣಿಯವರಿಗೆ ಅದು ಯಾರದೆಂದೇ ಗೊತ್ತಿರಲಿಲ್ಲ. ಅವರ ತಂದೆಯ ಕಾಲದಲ್ಲಿ ಯಾರೋ ಬಿಟ್ಟುಹೋದದ್ದಂತೆ. ಕಾಗದಪತ್ರ ಏನೂ ಇಲ್ಲ. ‘ಒಯ್ಯುವುದಾದರೆ ಒಯ್ಯಿರಿ, ಜಾಗ ಖಾಲಿ ಆಗ್ತದೆ’ ಎಂದು ಒಂದು ಚೀಟಿ ಬರೆದು ಕೊಟ್ಟರು.

ಟೆಂಪೋದಲ್ಲಿ ಸಿರಸಿಗೆ ತಂದು ಗಫೂರ್ ಸಾಬರ ಗ್ಯಾರೇಜಿನಲ್ಲಿ ಇಳಿಸಿದೆ. ಅವರಿಗೆ ಎಪ್ಪತ್ತು ದಾಟಿದೆ, ಅಪ್ಪನ ಗೆಳೆಯರು. ಗಾಡಿಯನ್ನು ಸುತ್ತು ಹಾಕಿ ನೋಡಿ, ‘ಟೀಚರೇ, ಇದು ಮೈಸೂರಿನ ಕಾರ್ಖಾನೆಯಲ್ಲಿ ಆದದ್ದಲ್ಲ. ಅದಕ್ಕೂ ಮೊದಲು ಹೊರದೇಶದಿಂದ ಹಡಗಿನಲ್ಲಿ ಬಂದದ್ದು’ ಎಂದರು. ನನಗೂ ಹಾಗೇ ಅನ್ನಿಸಿತ್ತು. ಫೋಟೋ ತೆಗೆದು ಗುಂಪಿಗೆ ಹಾಕಿದೆ.

ಯಲ್ಲಾಪುರದ ವಿನಾಯಕಣ್ಣ ನಮ್ಮ ಗುಂಪಿನ ದೊಡ್ಡವರು. ಸಾ ಮಿಲ್ಲಿನ ಯಜಮಾನರು, ನಾಲ್ಕು ಹಳೇ ಗಾಡಿ ಇಟ್ಟವರು, ಅವರ ಮಾತು ಎಂದರೆ ತೀರ್ಪು. ಅವರು ಬರೆದರು: ‘ಟೀಚರ್, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಇದು ಎರಡು ಗಾಡಿ ಕೂಡಿಸಿದ್ದು. ಚಾಸಿ ಒಂದರದು, ಎಂಜಿನ್ ಇನ್ನೊಂದರದು. ಗುಜರಿ.’ ಚಾಸಿಯ ಮೇಲೆ ಹೊಡೆದ ನಂಬರಿನ ಕೊನೆಯ ಎರಡು ಅಂಕಿಗಳನ್ನು ತುಕ್ಕು ತಿಂದಿದ್ದರಿಂದ ನಾನು ಅದನ್ನು ಅಲ್ಲಗಳೆಯುವಂತಿರಲಿಲ್ಲ. ಆ ಗುಜರಿ ಎಂಬ ಮಾತು ಮಾತ್ರ ಚುಚ್ಚಿತು. ಮುಂದಿನ ತಿಂಗಳ ಒಂದು ಭಾನುವಾರ ಯಲ್ಲಾಪುರದಲ್ಲಿ ಹಳೇ ಗಾಡಿಗಳ ಕೂಟ ಇತ್ತು. ಬಂದದ್ದರಲ್ಲಿ ಎಲ್ಲಕ್ಕಿಂತ ಹಳೆಯ, ಕೂಡಿಸದ ಗಾಡಿ ಮೆರವಣಿಗೆಯ ಮುಂದೆ ಹೋಗುವುದು ಪದ್ಧತಿ. ‘ಆ ಭಾನುವಾರ ಇದನ್ನೇ ಹೊಡೆದುಕೊಂಡು ಬರುತ್ತೇನೆ’ ಎಂದು ಎಲ್ಲರೆದುರು ಬರೆದುಬಿಟ್ಟೆ.

ಬರೆದದ್ದು ಸುಲಭ. ಗಾಡಿ ಚಾಲೂ ಆಗಲಿಲ್ಲ. ಮೂರು ವಾರ ಶಾಲೆ ಮುಗಿಸಿ ನೇರ ಗ್ಯಾರೇಜಿಗೆ ಹೋದೆ. ಕಾರ್ಬುರೇಟರ್ ತೊಳೆದೆವು, ವೈರಿಂಗ್ ಹೊಸದು ಎಳೆದೆವು. ಕೊನೆಗೆ ಪಿಸ್ಟನ್ನಿನ ರಿಂಗುಗಳೇ ಸವೆದಿವೆ ಎಂದು ತಿಳಿದು ಹುಬ್ಬಳ್ಳಿಗೆ ಹೇಳಿ ಕಳಿಸಿದೆವು. ಕೂಟದ ಹಿಂದಿನ ದಿನ, ಶನಿವಾರ, ರಿಂಗು ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ನಾನು ಒಂದು ಫೋಟೋ ತೆಗೆದು ಗುಂಪಿಗೆ ಹಾಕಿದೆ. ಸಿಲಿಂಡರು ಮೇಜಿನ ಮೇಲೆ ಪತ್ರಿಕೆಯ ಹಾಳೆಯಲ್ಲಿ ಬೋರಲಾಗಿದೆ, ಪಿಸ್ಟನ್ನು ಸೀಮೆಎಣ್ಣೆಯ ತಟ್ಟೆಯಲ್ಲಿದೆ. ವಿನಾಯಕಣ್ಣ ಅದಕ್ಕೆ ನಗುವ ಮುಖ ಒಂದನ್ನು ಕಳಿಸಿದರು. ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ, ಹೊತ್ತಿನ ಸಮೇತ. ಅದನ್ನು ನೆನಪಿಡಿ.

ರಿಂಗು ಸಂಜೆ ಆರರ ಬಸ್ಸಿಗೆ ಬಂತು. ಗಫೂರ್ ಸಾಬರು ಊಟ ಬಿಟ್ಟು ಜೋಡಿಸಿದರು. ಭಾನುವಾರ ಬೆಳಗಾಗುವಾಗ ನಾನು ಹೋಗಿ ನಿಂತೆ. ಜಾವಾದಲ್ಲಿ ಕಿಕ್ಕೂ ಗೇರೂ ಒಂದೇ ಕಡ್ಡಿ. ಅದನ್ನು ಹಿಂದಕ್ಕೆ ಮಡಿಸಿ ನಾಲ್ಕು ಸಲ ತುಳಿದೆ. ಇಲ್ಲ. ಐದನೆಯ ಸಲಕ್ಕೆ ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬಂದು ಗಾಡಿ ಮಾತಾಡತೊಡಗಿತು. ಗಫೂರ್ ಸಾಬರು ಹಿಂದಿನ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ಅದರ ನಡುಕ ನೋಡಿದರು. ದಾಖಲೆ ಇಲ್ಲದ ಗಾಡಿ ರಸ್ತೆಗೆ ಇಳಿಸುವುದು ತಪ್ಪು ಎಂದು ನನಗೆ ಗೊತ್ತಿತ್ತು. ಅವತ್ತು ಇಳಿಸಿದೆ.

ಸೋಂದಾ ಕ್ರಾಸ್ ದಾಟಿದೆ. ಬೇಡ್ತಿ ಸೇತುವೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಆ ಸಂತೋಷವನ್ನು ಹೇಗೆ ಹೇಳಲಿ. ಕಾಡಿನ ನಡುವೆ ಆ ಎರಡು ಕೊಳವೆಯ ಸದ್ದು ನನ್ನ ಬೆನ್ನ ಹಿಂದೆ ಬರುತ್ತಿತ್ತು. ಸೇತುವೆ ದಾಟಿದ ಏರಿನಲ್ಲಿ ಮಾತ್ರ ಒಂದು ದೋಷ ಕಂಡಿತು. ಮೂರನೆಯ ಗೇರಿಗೆ ಬೀಳುವಾಗ ಎಂಜಿನ್ ಒಂದೇ ಒಂದು ಸಲ ಕೆಮ್ಮಿ ಮತ್ತೆ ಸರಿಯಾಗುತ್ತಿತ್ತು. ಪ್ರತಿ ಸಲವೂ ಹಾಗೇ. ಬಂದ ಮೇಲೆ ನೋಡೋಣ ಎಂದುಕೊಂಡೆ.

ಮಂಚಿಕೇರಿ ಹತ್ತಿರ ಬಂದಾಗ ರಸ್ತೆಯ ಬದಿಯಲ್ಲಿ ಒಬ್ಬ ಮುದುಕಿ ಬಸ್ಸಿಗೆ ಕೈ ಮಾಡಿದ ಹಾಗೆ ನನಗೆ ಕೈ ಮಾಡಿದರು. ಬಿಳಿ ಸೀರೆ, ಕಂಕುಳಲ್ಲಿ ಬಟ್ಟೆಯ ಚೀಲ. ಏನೋ ಆಪತ್ತು ಇರಬೇಕೆಂದು ನಿಲ್ಲಿಸಿದೆ. ಅವರು ನನ್ನ ಮುಖ ನೋಡಲಿಲ್ಲ. ಹಿಂದೆ ಹೋಗಿ ಮಡ್‌ಗಾರ್ಡಿನ ತಗ್ಗೊಂದನ್ನು ಬೆರಳಿನಿಂದ ಮುಟ್ಟಿದರು.

‘ನಿನ್ನೆ ಎಂತಕ್ಕೆ ನಿಲ್ಲಿಸಲಿಲ್ಲ ನೀನು?’ ಎಂದರು.

‘ನಿನ್ನೆ ನಾನು ಬಂದೇ ಇಲ್ಲ ಅಮ್ಮ. ಇವತ್ತೇ ಮೊದಲು.’

‘ನಿನ್ನೆ ನಾಲ್ಕು ಗಂಟೆ ಸುಮಾರಿಗೆ ಹೋದೆ. ನಾನು ಮನೆ ಹಿಂದೆ ಇದ್ದೆ, ನೋಡಲಿಲ್ಲ. ಕೇಳಿದೆ. ಮೂರನೇ ಗೇರಿಗೆ ಕೆಮ್ಮುವುದು ಇದೊಂದೇ ಗಾಡಿ. ಹನ್ನೊಂದು ವರ್ಷ ಇದರ ಹಿಂದೆ ಕೂತವಳು ನಾನು, ನನಗೆ ಗೊತ್ತಾಗುವುದಿಲ್ಲವಾ? ಓಡಿ ಬರುವಷ್ಟರಲ್ಲಿ ಹೋಗಿಯಾಗಿತ್ತು. ತಿರುಗಿ ಬಂದೀತು ಅಂತ ಬೆಳಗಿನಿಂದ ಇಲ್ಲೇ ನಿಂತಿದ್ದೇನೆ.’

ಕೆಮ್ಮಿನ ವಿಷಯ ಅರ್ಧ ಗಂಟೆಯ ಹಿಂದೆ ನನಗೆ ಗೊತ್ತಾದದ್ದು. ನಾನು ಯಾರಿಗೂ ಹೇಳಿರಲಿಲ್ಲ. ಎಂಜಿನ್ ಆರಿಸಿ ಗಾಡಿಯಿಂದ ಇಳಿದೆ.

ಆಕೆ ಸುತ್ತಲ ಹಳ್ಳಿಗಳಿಗೆಲ್ಲ ನರ್ಸಮ್ಮ. ಮೂವತ್ತು ವರ್ಷ ಹೆರಿಗೆ ಮಾಡಿಸಿದವರು. ಗಂಡ ಮರದ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಯಾವ ಮನೆಯಿಂದ ಕರೆ ಬಂದರೂ ಇದೇ ಜಾವಾದ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಹೋಗುತ್ತಿದ್ದರಂತೆ. ಗಂಡನ ಕಣ್ಣಿನ ದೃಷ್ಟಿ ಹೋದಾಗ ಗಾಡಿಯನ್ನು ಯಾರಿಗೋ ಕೊಟ್ಟರು. ಆ ದಿನ ಗಾಡಿಯ ಪುಸ್ತಕ ಸಿಗಲಿಲ್ಲ. ಆಮೇಲೆ ಸಿಕ್ಕಿತು, ಒಯ್ದವರು ಮತ್ತೆ ಬರಲಿಲ್ಲ. ಹೇಳುತ್ತ ಹೇಳುತ್ತ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಒಂದು ಹಳೇ ಪುಸ್ತಕ ತೆಗೆದು ನನ್ನ ಕೈಯಲ್ಲಿಟ್ಟರು. ರಿಜಿಸ್ಟ್ರೇಶನ್ ಪುಸ್ತಕ. ಮೊದಲ ಪುಟದಲ್ಲಿ ಚಾಸಿ ನಂಬರು, ಎಂಜಿನ್ ನಂಬರು, ತಯಾರಾದ ದೇಶ, ಎಲ್ಲ ನೀಲಿ ಶಾಯಿಯಲ್ಲಿ.

ನಾನು ಅಲ್ಲೇ ರಸ್ತೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಎಂಜಿನ್ ನಂಬರು ನೋಡಿದೆ. ಒಂದು ಅಂಕಿಯೂ ತಪ್ಪಿರಲಿಲ್ಲ.

‘ಹಿಂದೆ ಕೂರುತ್ತೀರಾ ಅಮ್ಮ, ಯಲ್ಲಾಪುರಕ್ಕೆ?’ ಎಂದು ಕೇಳಿದೆ. ಅವರು ಉತ್ತರ ಕೊಡುವ ಮೊದಲೇ ಸೆರಗು ಸಿಕ್ಕಿಸಿಕೊಂಡರು. ನನ್ನ ಹೆಲ್ಮೆಟ್ಟನ್ನು ಅವರಿಗೆ ಹಾಕಿದೆ. ಅದೂ ತಪ್ಪೇ.

ನಾವಿಬ್ಬರು ಯಲ್ಲಾಪುರದ ಮೈದಾನಕ್ಕೆ ಹೋಗಿ ಇಳಿದಾಗ ಸುತ್ತ ಜನ ಮುತ್ತಿದರು. ವಿನಾಯಕಣ್ಣ ಪುಸ್ತಕ ತೆಗೆದುಕೊಂಡು ಓದಿದರು. ಆಮೇಲೆ ಹ್ಯಾಂಡಲಿನ ಕೆಳಗೆ ಬಗ್ಗಿ ಫೋನಿನ ಬೆಳಕು ಬಿಟ್ಟರು. ನನ್ನ ಪರ್ಸಿನಲ್ಲಿ ಯಾವಾಗಲೂ ಒಂದು ಸೀಮೆಸುಣ್ಣ ಇರುತ್ತದೆ. ಅದನ್ನು ಚಾಸಿಯ ಮೇಲೆ ಉಜ್ಜಿದೆ. ಏನಿರಬೇಕು ಎಂದು ಗೊತ್ತಾದ ಮೇಲೆ ತುಕ್ಕಿನ ಒಳಗಿಂದ ಆ ಎರಡು ಅಂಕಿಗಳು ಮೆಲ್ಲನೆ ಕಂಡವು. ವಿನಾಯಕಣ್ಣ ಅವನ್ನು ಜೋರಾಗಿ ಓದಿದರು, ಪುಸ್ತಕ ನೋಡಿದರು, ಇನ್ನೊಮ್ಮೆ ಓದಿದರು.

‘ನಂದು ತಪ್ಪಾತ್ರಿ ಟೀಚರ್’ ಎಂದರು, ಎಲ್ಲರಿಗೂ ಕೇಳುವ ಹಾಗೆ. ‘ಒಂದೇ ಗಾಡಿ. ನಮ್ಮೆಲ್ಲಾರ ಗಾಡಿಗಿಂತ ಹಳೇದು. ಮುಂದ ನಡೀರಿ.’

ಅವತ್ತು ಯಲ್ಲಾಪುರದ ಪೇಟೆಯಲ್ಲಿ ನಲವತ್ತಕ್ಕೂ ಹೆಚ್ಚು ಗಾಡಿಗಳ ಮುಂದೆ ನಮ್ಮ ಜಾವಾ ಹೋಯಿತು. ಹೆದ್ದಾರಿಯ ಲಾರಿಗಳು ಬದಿಗೆ ನಿಂತು ಹಾರ್ನ್ ಹಾಕಿದವು. ಅಂಗಡಿಯ ಮೆಟ್ಟಿಲಿನಿಂದ ಗಡ್ಡ ನೆರೆತ ಒಬ್ಬರು ‘ನರ್ಸಮ್ಮಾ, ನಾನು ಹುಟ್ಟಿದ್ದು ನಿಮ್ಮ ಕೈಲೇ’ ಎಂದು ಕೂಗಿದರು. ಹಿಂದೆ ಕೂತಿದ್ದ ನರ್ಸಮ್ಮ ನನ್ನ ಭುಜ ಹಿಡಿದಿದ್ದ ಕೈಯನ್ನು ಒಂದು ಸಲ ಎತ್ತಿ ಬೀಸಿದರು. ಜೀವನದಲ್ಲಿ ಅಷ್ಟು ನೆಟ್ಟಗೆ ನಾನು ಯಾವತ್ತೂ ಕೂತಿರಲಿಲ್ಲ. ಆಮೇಲೆ ಆ ಪುಸ್ತಕದ ಬಲದಿಂದಲೇ ಆರ್‌ಟಿಒ ಕಚೇರಿಯಲ್ಲಿ ಗಾಡಿಗೆ ತನ್ನ ಹಳೆಯ ನಂಬರೇ ಸಿಕ್ಕಿತು. ಗುಂಪಿನಲ್ಲಿ ಈಗ ಯಾರೂ ಲಕ್ಕು ಎನ್ನುವುದಿಲ್ಲ.

ಶನಿವಾರದ ಸದ್ದಿನ ಬಗ್ಗೆ ಮಾತ್ರ ನಾನು ಬಹಳ ತಲೆ ಕೆಡಿಸಿಕೊಂಡೆ. ಬೇರೆ ಜಾವಾ ಹೋಗಿರಬಹುದು ಎಂದು ವಿಚಾರಿಸಿದೆ. ನನ್ನದು ಬಿಟ್ಟರೆ ನಮ್ಮ ಮೂರು ತಾಲೂಕಿನಲ್ಲಿ ಓಡುವ ಸ್ಥಿತಿಯಲ್ಲಿದ್ದದ್ದು ಎರಡೇ. ಒಂದು ಕೋಲಸಿರ್ಸಿಯಲ್ಲಿ ತಾಡಪಾಲಿನ ಕೆಳಗಿತ್ತು, ಇನ್ನೊಂದನ್ನು ವಿನಾಯಕಣ್ಣ ಆ ಹೊತ್ತಿಗೆ ಅಂಗಳದಲ್ಲಿ ಪಾಲಿಶ್ ಮಾಡುತ್ತಿದ್ದರು. ಗೋವಾ ಕಡೆಯಿಂದ ಬಂದ ಯಾರೋ ಪ್ರವಾಸಿ ಇರಬಹುದು. ಇರಬಹುದು. ಅದೇ ಕೆಮ್ಮು, ಅದೇ ಗೇರು? ಗಫೂರ್ ಸಾಬರಿಗೆ ಹೇಳಿದರೆ ಅವರು ಕೈ ಒರೆಸಿಕೊಳ್ಳುತ್ತ, ‘ಗಾಡಿ ಚಾಲೂ ಆಯ್ತಲ್ಲ ಟೀಚರೇ’ ಎಂದರು.

ಒಂದು ತಿಂಗಳು ಬಿಟ್ಟು ಮಂಚಿಕೇರಿಗೆ ಹೋದೆ. ನರ್ಸಮ್ಮ ಇರುವುದು ತಮ್ಮನ ಮಗನ ಮನೆಯಲ್ಲಿ, ಮನೆ ತುಂಬ ಜನ. ನನಗೆ ಅವಲಕ್ಕಿ ಕೊಟ್ಟು ಎದುರು ಕೂತರು. ಅದಕ್ಕೂ ಮೊದಲು ಯಾವಾಗಲಾದರೂ ಆ ಸದ್ದು ಕೇಳಿಸಿತ್ತೇ ಎಂದು ಕೇಳಿದೆ. ಇಲ್ಲ, ಆಮೇಲೂ ಇಲ್ಲ, ಒಂದೇ ಸಲ ಎಂದರು. ಮನೆ ಹಿಂದೆ ಅವತ್ತು ಏನು ಮಾಡುತ್ತಿದ್ದಿರಿ ಎಂದೆ, ಸುಮ್ಮನೆ ಮಾತಿಗೆ.

‘ಅವರ ಹಳೇ ಕಾಗದವೆಲ್ಲ ಗೆದ್ದಲು ಹಿಡಿದಿತ್ತು. ಬಚ್ಚಲ ಒಲೆಗೆ ಹಾಕುತ್ತಿದ್ದೆ’ ಎಂದರು. ‘ಒಂದೊಂದೇ ಹಾಕಿ ಹಾಕಿ, ಕೊನೆಗೆ ಆ ಪುಸ್ತಕ ಕೈಯಲ್ಲಿತ್ತು. ಆಗ ಗಾಡಿಯ ಸದ್ದು ಬಂತು. ಪುಸ್ತಕ ಹಿಡಿದುಕೊಂಡೇ ಓಡಿದೆ.’

ಅವಲಕ್ಕಿಯ ತಟ್ಟೆ ಕೆಳಗಿಟ್ಟು ಫೋನು ತೆಗೆದು ನಾನು ಆ ಶನಿವಾರದ ಫೋಟೋದ ಹೊತ್ತನ್ನು ಇನ್ನೊಮ್ಮೆ ನೋಡಿದೆ: ನಾಲ್ಕಕ್ಕೆ ಹತ್ತು ನಿಮಿಷ. ಸಿಲಿಂಡರು ಮೇಜಿನ ಮೇಲೆ ಬೋರಲಾಗಿಯೇ ಇತ್ತು.