ಪಾಸಿಂಗ್ ಗಾಲಿ

ಬೆಳಗಾವಿಯಲ್ಲಿ ಅನಗೋಳದ ಓಣಿ ಖಾನಾಪುರ ರಸ್ತೆಗೆ ಬಂದು ಕೂಡುವ ಮೂಲೆಯಲ್ಲಿ ಬೀರೇಶನ ಟೈರಿನ ಅಂಗಡಿ ಇತ್ತು. ತಗಡಿನ ಮಾಡು, ಗಾಳಿ ತುಂಬುವ ಯಂತ್ರ, ಪಂಕ್ಚರ್ ನೋಡಲು ನೀರು ತುಂಬಿಟ್ಟ ಅರ್ಧ ಪೀಪಾಯಿ, ಗೋಡೆಗೆ ಒರಗಿಸಿದ ಸಮ್ಮಟಿಗೆ. ಆ ಸಮ್ಮಟಿಗೆಗೆ ಅಂಜಿದಷ್ಟೇ ಜನ ಅವನಿಗೂ ಅಂಜುತ್ತಿದ್ದರು. ಅವನ ಹತ್ತಿರ ಎರಡು ಮಾತು ಬಾಯಿಂದ ಬಂದರೆ ಮೂರನೆಯದು ಕೈಯಿಂದ ಬರುತ್ತಿತ್ತು. ಗಾಳಿಯ ನಳಿಗೆಯನ್ನು ಕಾಲಿನಿಂದ ತಳ್ಳಿದ ಒಬ್ಬ ರಿಕ್ಷಾದವನ ಮುಂದಿನ ಹಲ್ಲು ಆ ಮೂಲೆಯಲ್ಲೇ ಉದುರಿತ್ತು. ಮದುವೆಯ ಹಂದರದಲ್ಲಿ ಹೆಂಡತಿಯ ಅಣ್ಣನನ್ನೇ ಹಿಡಿದು ಬಡಿದಿದ್ದ. "ಇವಗ ಹೆಣ್ಣ ಕೊಟ್ಟ ದಿನಾನ ನಮ್ಮಪ್ಪಗ ಬುದ್ಧಿ ಬಂತು" ಎಂದು ಹೆಂಡತಿ ಪ್ರಮಿಳಾ ನಗುತ್ತಲೇ ಹೇಳುತ್ತಿದ್ದಳು. ಅವಳ ಮೇಲೆ ಮಾತ್ರ ಅವನು ಎಂದೂ ಕೈ ಎತ್ತಿರಲಿಲ್ಲ. ಎತ್ತಿದ್ದರೆ ಅವಳೇನೂ ಸುಮ್ಮನೆ ಕೂಡುವವಳಾಗಿರಲಿಲ್ಲ ಎಂಬುದು ಬೇರೆ ಮಾತು.

ಬೀರೇಶ ಹುಟ್ಟಿದ್ದು ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಅವನ ಅಪ್ಪ ಗುರುಸಿದ್ದನ ಕೈಯೂ ಹೀಗೇ ಮುಂದು. ಅವರ ಹಿಂಡಿನ ಪ್ರತಿಯೊಂದು ಕುರಿಯ ಬಲಗಿವಿಯ ತುದಿಗೆ ಒಂದು ಸೀಳು, ಅದರ ಕೆಳಗೊಂದು ಅರ್ಧಚಂದ್ರ ಇರುತ್ತಿತ್ತು. ಆ ಗುರುತಿನ ಕುರಿ ಯಾವ ಹಿಂಡಿನಲ್ಲಿ ಸೇರಿಕೊಂಡಿದ್ದರೂ ಊರಿನವರು ನೋಡಿದ ಕೂಡಲೇ ಗುರುಸಿದ್ದನದೆಂದು ಹೇಳಿ ಮರಳಿಸುತ್ತಿದ್ದರು. ಗುರುಸಿದ್ದನಿಗೆ ಇನ್ನೊಂದು ಪದ್ಧತಿಯೂ ಇತ್ತು. ಕುರಿಗೆ ಕೆಟ್ಟ ರೋಗ ತಗುಲಿದರೆ ಅದರ ಎರಡೂ ಕಿವಿಗಳನ್ನು ಬುಡಕ್ಕೇ ಕೊಯ್ದುಬಿಡುತ್ತಿದ್ದ. ಮೋಟುಗಿವಿಯ ಕುರಿಯನ್ನು ಆ ಕಡೆ ಯಾವ ವ್ಯಾಪಾರಿಯೂ ಮುಟ್ಟುತ್ತಿರಲಿಲ್ಲ. ರೋಗದ ಮಾಂಸ ಯಾರ ಮನೆಯ ಗಡಿಗೆಗೂ ಹೋಗುತ್ತಿರಲಿಲ್ಲ.

ಒಂದು ಸಂತೆಯ ದಿನ ವ್ಯಾಪಾರಿಯೊಬ್ಬ ರೋಗದ ಟಗರೊಂದನ್ನು ಅರ್ಧ ಬೆಲೆಗೆ ಕೊಡೆಂದು ಹಗ್ಗ ಹಿಡಿದು ಎಳೆದ. ಗುರುಸಿದ್ದ ಸೊಂಟದ ಕತ್ತಿ ತೆಗೆದು ನಿಂತಲ್ಲೇ ಟಗರಿನ ಕಿವಿ ಕೊಯ್ದ. ರಕ್ತ ಚಿಮ್ಮಿ ವ್ಯಾಪಾರಿಯ ಬಿಳಿ ಧೋತರ ಕೆಂಪಾಯಿತು. ಅವನು ಸಿಟ್ಟಿಗೆದ್ದು ಬಡಿಗೆಯಿಂದ ಗುರುಸಿದ್ದನ ಮುಖಕ್ಕೆ ಹೊಡೆದ. ಒಂದು ಕಣ್ಣು ಅಲ್ಲೇ ಒಡೆಯಿತು. ಆಗಷ್ಟೇ ಮೀಸೆ ಮೂಡುತ್ತಿದ್ದ ಬೀರೇಶ ಕುರಿ ಕಾಯುವ ಕೋಲಿನಿಂದ ವ್ಯಾಪಾರಿಯ ಹೆಗಲು ಮುರಿದ. ಪೊಲೀಸರು ಬರುವ ಮೊದಲು ಅಕ್ಕ ಸಾವಂತ್ರವ್ವ ಅವನ ಮಡಿಲಿಗೆ ಎರಡು ರೊಟ್ಟಿ ಹಾಕಿ, ಬೆಳಗಾವಿಗೆ ಹೋಗುವ ಲಾರಿ ಹತ್ತಿಸಿದಳು. ಊರು ಬಿಟ್ಟವನು ಟೈರಿನ ಅಂಗಡಿಯೊಂದರಲ್ಲಿ ಗಾಲಿ ಬಿಚ್ಚುವ ಕೆಲಸಕ್ಕೆ ನಿಂತ. ಕೆಲವು ವರ್ಷಗಳಾದ ಮೇಲೆ ತನ್ನದೇ ಅಂಗಡಿ ಹಾಕಿದ.

ಅವನ ಅಂಗಡಿಗೆ ನಿಜವಾದ ಅನ್ನ ಕೊಟ್ಟಿದ್ದು ಪಂಕ್ಚರ್ ಅಲ್ಲ, ಪಾಸಿಂಗ್. ಬಾಡಿಗೆ ಗಾಡಿಗಳನ್ನೆಲ್ಲ ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ತಪಾಸಣೆಗೆ ಒಯ್ಯಬೇಕು. ಅಲ್ಲಿಯ ಸಾಹೇಬರು ಟೈರು ಬೋಳಾಗಿದ್ದರೆ ಮುಖ ನೋಡದೆ ಗಾಡಿಯನ್ನು ತಿರುಗಿಸಿ ಕಳಿಸುತ್ತಿದ್ದರು. ಅದಕ್ಕೆಂದೇ ಬೀರೇಶ ಟೆಂಪೋಗಳಿಗೆ ಕೂಡುವಂಥ ಆರು ಒಳ್ಳೆಯ ಗಾಲಿಗಳನ್ನು ಇಟ್ಟುಕೊಂಡಿದ್ದ. ಮುಂಜಾನೆ ಬಂದ ಗಾಡಿಯ ಹಳೆಯ ಗಾಲಿ ಬಿಚ್ಚಿ ತನ್ನವನ್ನು ಹಾಕುವುದು, ಪಾಸಾಗಿ ಬಂದ ಮೇಲೆ ತನ್ನವನ್ನು ಬಿಚ್ಚಿ ಹಳೆಯವನ್ನೇ ಮತ್ತೆ ಬಿಗಿಯುವುದು. ಒಮ್ಮೆ ಯಾರೋ ಗಾಲಿ ಬದಲಿಸಿ ಕೊಟ್ಟರೆಂದು, ಅಂದಿನಿಂದ ಆ ಆರೂ ಟೈರುಗಳ ಪಕ್ಕೆಯ ಮೇಲೆ, ಒಳಗಿನ ನೂಲಿಗೆ ತಾಗದ ಹಾಗೆ, ತೆಳುವಾಗಿ ಗುರುತು ಕೊರೆದಿದ್ದ. ಒಂದು ಸೀಳು, ಅದರ ಕೆಳಗೊಂದು ಅರ್ಧಚಂದ್ರ. "ನನ್ನ ಆರು ಕುರಿ" ಎಂದು ಅವುಗಳನ್ನು ಕರೆಯುತ್ತಿದ್ದ. ಅವು ಮೇದು ಬಂದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ ಮುಗಿಯುತ್ತ ಬಂದಿತ್ತು. ಹಿಂದವಾಡಿಯ ಶಶಿಧರ ತನ್ನ ಟೆಂಪೋ ತಂದ. ಅದು ದಿನವೂ ಬೀಡಿಯಿಂದ ಖಾನಾಪುರದ ಮೇಲೆ ಹಾಯ್ದು ಬೆಳಗಾವಿಗೆ ಜನ ತುಂಬಿಕೊಂಡು ಬರುವ ಗಾಡಿ. ಅದನ್ನು ಓಡಿಸುವವನು ಬೀಡಿಯ ಕಲ್ಮೇಶ. ಸಾವಂತ್ರವ್ವ ಮುಂಜಾನೆ ಖವಾದ ಡಬ್ಬಿ ಹೊತ್ತು, ಬೆಳಗಾವಿಯ ಮಿಠಾಯಿ ಅಂಗಡಿಗಳಿಗೆ ಕೊಡಲು, ಇದೇ ಗಾಡಿಯಲ್ಲಿ ಬರುತ್ತಿದ್ದಳು. ಬೀರೇಶ ತನ್ನ ಆರು ಗಾಲಿ ಹಾಕಿ ಗಾಡಿಯನ್ನು ಪಾಸಿಂಗಿಗೆ ಕಳಿಸಿದ.

ಮಧ್ಯಾಹ್ನ ಅಂಗಡಿಯಲ್ಲಿ ಉಳಿದ ಹಳೆಯ ಗಾಲಿಗಳನ್ನು ನೆರಳಿಗೆ ಉರುಳಿಸುವಾಗ ಒಂದರ ಮೇಲೆ ಅವನ ಕಣ್ಣು ನಿಂತಿತು. ಟೈರು ಬೋಳಾಗಿ ನೂಲು ಕಾಣುತ್ತಿತ್ತು, ಅದು ಹೊಸದೇನಲ್ಲ. ಆದರೆ ಒಳಗಿನ ಕಬ್ಬಿಣದ ಡಿಸ್ಕಿಗೆ ಹೊಸ ಬೆಳ್ಳಿಬಣ್ಣ ಬಳಿದಿತ್ತು. ಬೋಳು ಟೈರಿಗೆ ಹೊಸ ಬಣ್ಣ ಯಾಕೆ? ಉಳಿಯಿಂದ ಕೆರೆದ. ಬಣ್ಣದ ಕೆಳಗೆ ಬಿರುಕು ಮುಚ್ಚಲು ಮೆತ್ತುವ ಲಾಂಬಿ, ಅದರ ಕೆಳಗೆ ವೆಲ್ಡಿಂಗ್. ನಟ್ಟು ಕೂರುವ ತೂತಿನಿಂದ ತೂತಿಗೆ ಬಿರುಕು ಹಾವಿನ ಮರಿಯಂತೆ ಹರಿದಿತ್ತು. ಇನ್ನೂ ಎರಡು ಗಾಲಿ ಕೆರೆದ. ಅವೂ ಹಾಗೇ ಇದ್ದವು. ಬೀರೇಶ ಉಳಿ ಕೆಳಗಿಟ್ಟ. ಕಣ್ಣ ಮುಂದೆ ಮಲಪ್ರಭೆಯ ಸೇತುವೆ ಬಂತು, ಗಾಡಿಯ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡ ಅಕ್ಕ ಬಂದಳು.

ಹೊತ್ತು ಇಳಿಯುವಾಗ ಟೆಂಪೋ ಬಂತು. ಶಶಿಧರ ಮುಂದಿನ ಸೀಟಿನಿಂದ ಜಿಗಿದ. ಅವನ ಹಿಂದೆ ಅವನ ಜೊತೆಗೇ ತಿರುಗುವ ಇಬ್ಬರು ಗಟ್ಟಿಗರು ಇಳಿದರು.

"ಆತು ನೋಡು ಬೀರ್ಯಾ, ಪಾಸ್! ಸಾಹೇಬ ಟೈರ ಮ್ಯಾಲ ಕೈ ಆಡಿಸಿ, ಮಗಳ ಕೆನ್ನಿ ಸವರಿದಂಗ ಸವರಿದಾ. ಲಗೂನ ನಮ್ಮವ ಹಾಕು. ನಾಳಿ ಮುಂಜಾನಿ ಬೀಡಿ ಟ್ರಿಪ್ ಐತಿ."

"ಹಾಕಂಗಿಲ್ರಿ ಸಾವ್ಕಾರ್ರ."

"ಯಾಕ, ಕೈಗೆ ಮೆಹಂದಿ ಹಚ್ಚೀಯೇನು?"

ಬೀರೇಶ ಕೆರೆದ ಗಾಲಿಯೊಂದನ್ನು ಅವನ ಕಾಲ ಬುಡಕ್ಕೆ ಉರುಳಿಸಿದ. "ಇದರ ಮಾರಿ ನೋಡ್ರಿ. ಮೂರು ಡಿಸ್ಕ್ ಒಡದಾವು. ಲಾಂಬಿ ತುಂಬಿ ಬಣ್ಣಾ ಹೊಡಿಸೀರಿ."

ಶಶಿಧರ ಅದನ್ನು ನೋಡಲೂ ಇಲ್ಲ. "ಇಷ್ಟ ವರ್ಷ ಬ್ವಾಳ ಟೈರ ಹಾಕಿ ರೊಕ್ಕಾ ಎಣಿಸಿದಿ. ಇವತ್ತ ಒಮ್ಮಿಂದೊಮ್ಮೆ ಸ್ವಾಮಿ ಆಗಿಬಿಟ್ಟಿ?"

ಏಟು ಸರಿಯಾದ ಜಾಗಕ್ಕೇ ಬಿತ್ತು. ಬೀರೇಶನ ಮುಖ ಕಪ್ಪಾಯಿತು. "ಹಾಕೀನಿ, ಇಲ್ಲ ಅನ್ನಂಗಿಲ್ಲ. ಬ್ವಾಳ ಟೈರ ಸಾಯೂ ಮುಂದ ಒದರತೈತಿ, ಗಾಡಿ ನಿಂದರಸಾಕ ಟೈಮ್ ಸಿಗತೈತಿ. ಒಡದ ಡಿಸ್ಕ್ ಒದರಂಗಿಲ್ಲ. ಗಾಲಿ ಒಂದ ಕಡೆ, ಜನಾ ಒಂದ ಕಡೆ. ಅದರಾಗ ನಮ್ಮಕ್ಕ ಕುಂದರ್ತಾಳು."

"ನಿಮ್ಮಕ್ಕನ್ನ ಬಸ್ಸಿಗೆ ಬಾ ಅನ್ನು."

"ಉಳದವ್ರಿಗೆ ಏನನ್ಲಿ?"

ಶಶಿಧರ ಅವನ ಕೆನ್ನೆಗೆ ಹೊಡೆದ. ಆ ಮೂಲೆಯಲ್ಲಿ ಬೀರೇಶನಿಗೆ ಯಾರೂ ಕೈ ಮಾಡಿರಲಿಲ್ಲ. ಚಹಾದ ಅಂಗಡಿಯವನು ಗ್ಲಾಸುಗಳನ್ನು ಒಳಗೆ ಎತ್ತಿಟ್ಟ. ಬೀರೇಶ ಶಶಿಧರನ ಬಿಳಿ ಅಂಗಿಯ ಎದೆ ಹಿಡಿದು ಎತ್ತಿ ನೀರಿನ ಪೀಪಾಯಿಗೆ ಅಪ್ಪಳಿಸಿದ. ಪೀಪಾಯಿ ಉರುಳಿ ನೆಲವೆಲ್ಲ ಕೆಸರಾಯಿತು. ಗಟ್ಟಿಗರಿಬ್ಬರೂ ಹಿಂದಿನಿಂದ ಹಾಯ್ದರು. ಒಬ್ಬ ಕುತ್ತಿಗೆಗೆ ತೋಳು ಹಾಕಿದ, ಇನ್ನೊಬ್ಬ ಪಕ್ಕೆಗೆ ಮೊಣಕಾಲು ಕೊಟ್ಟ. ಬೀರೇಶ ತಲೆಯನ್ನು ಹಿಂದಕ್ಕೆ ಬೀಸಿದ. ಕುತ್ತಿಗೆ ಹಿಡಿದವನ ಮೂಗು ಜಜ್ಜಿ ರಕ್ತ ಸುರಿಯಿತು. ಬಿಡಿಸಿಕೊಂಡವನೇ ಗೋಡೆಯ ಕಡೆ ಓಡಿ ಸಮ್ಮಟಿಗೆ ಎತ್ತಿದ. ಗಟ್ಟಿಗರಿಬ್ಬರೂ ದೂರ ಸರಿದರು.

"ಬೀರೇಶಣ್ಣಾ, ಬ್ಯಾಡೋ!" ಎಂದು ಕಲ್ಮೇಶ ಟೆಂಪೋದೊಳಗಿಂದಲೇ ಕೂಗಿದ. ಕೆಸರಿನಲ್ಲಿ ಕುಳಿತಿದ್ದ ಶಶಿಧರ ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದ. ಇವತ್ತು ಹೆಣ ಬೀಳುತ್ತದೆಂದೇ ನೋಡುತ್ತಿದ್ದವರೆಲ್ಲ ತಿಳಿದರು. ಬೀರೇಶನಿಗೂ ಒಂದು ಗಳಿಗೆ ಹಾಗೇ ಅನಿಸಿತ್ತು. ಆ ಬಿಳಿ ಅಂಗಿ, ಆ ಕೆಸರು. ಅವನಿಗೆ ಸಂತೆ ನೆನಪಾಯಿತು. ಅಂದು ಅವನು ಮುರಿದದ್ದು ವ್ಯಾಪಾರಿಯ ಹೆಗಲು. ಅಪ್ಪ ಕೊಯ್ದದ್ದು ಟಗರಿನ ಕಿವಿ.

ಸಮ್ಮಟಿಗೆ ಡಿಸ್ಕಿನ ಮೇಲೆ ಬಿತ್ತು. ವೆಲ್ಡಿಂಗ್ ಬಾಯಿ ಬಿಟ್ಟಿತು. ಇನ್ನೊಂದು ಏಟಿಗೆ ನಡುವಿನ ತಟ್ಟೆ ಕಳಚಿ ಹಪ್ಪಳದಂತೆ ಮುರಿಯಿತು. ಎರಡನೆಯ ಡಿಸ್ಕು, ಮೂರನೆಯದು. ಕೊನೆಗೆ ಕೊಡಲಿ ತೆಗೆದುಕೊಂಡು ಬೋಳು ಟೈರುಗಳ ಪಕ್ಕೆಗೆ ಹಾಕಿದ. ಒಳಗೆ ಗಾಳಿ ಇದ್ದೇ ಇತ್ತು. ಮೊದಲನೆಯದು ಗರ್ನಾಲು ಪಟಾಕಿಯಂತೆ ಸಿಡಿದು ರಬ್ಬರಿನ ಪಟ್ಟಿ ಅವನ ಕೆನ್ನೆಯನ್ನು ಕಿವಿಯ ತನಕ ಸೀಳಿತು. ಅವನು ನಿಲ್ಲಲಿಲ್ಲ. ಟೈರು ಸಿಡಿದಂತೆಲ್ಲ ಓಣಿಯ ನಾಯಿಗಳು ಓಡಿದವು, ಮಾಡಿನ ತಗಡು ನಡುಗಿತು. ಕೊನೆಯದನ್ನು ಎಡಗೈಯಲ್ಲಿ ಅದುಮಿ ಹಿಡಿದಾಗ ಶಶಿಧರ ಗಾಲಿ ಬಿಚ್ಚುವ ಪಾನಾ ಹಿಡಿದು ಬಂದು ಆ ಕೈಯ ಮೇಲೇ ಹೊಡೆದ. ಬೆರಳುಗಳು ಹಸಿ ಕಡ್ಡಿಗಳಂತೆ ಲಟಲಟ ಎಂದವು. ಬೀರೇಶ ಬೋರ್ ಎಂದು ಅತ್ತ, ಅಳುತ್ತಲೇ ಬಲಗೈಯೊಂದರಿಂದ ಕೊಡಲಿ ಎತ್ತಿ ಕೊನೆಯ ಟೈರನ್ನೂ ಕಡಿದ.

"ಇನ್ನ ಇವನ್ನ ಯಾವ ಮಗಾ ಗಾಡಿಗಿ ಹಾಕ್ತಾನ ಹಾಕ್ಲಿ," ಎಂದು ರಕ್ತ ಉಗುಳಿದ.

ಶಶಿಧರ ಏದುತ್ತಿದ್ದ. ಸುತ್ತ ಬಿದ್ದ ಕಬ್ಬಿಣವನ್ನೂ ರಬ್ಬರನ್ನೂ ನೋಡಿದ. ಆಮೇಲೆ ಟೆಂಪೋದ ಕಡೆ ನೋಡಿದ. ಅದು ಬೀರೇಶನ ಆರು ಗಾಲಿಗಳ ಮೇಲೆ ನಿಂತಿತ್ತು. ಅವನ ಮುಖದ ಮೇಲೆ ನಗು ಬಂತು.

"ನನ್ನವ ಕಡದಿಯಲ್ಲ? ಬೆಸ್ಟ್ ಆತು. ನಿನ್ನ ಗಾಲಿ ಮ್ಯಾಲ ನನ್ನ ಗಾಡಿ ಹೋಗತೈತಿ. ಗಂಡಸಿದ್ರ ತಡಿ. ಏ ಕಲ್ಮ್ಯಾ, ಹಚ್ಚು ಗಾಡಿ!"

ಇಂಜಿನ್ ಗುಡುಗಿತು. ಬೀರೇಶ ಸಮ್ಮಟಿಗೆಯನ್ನು ಒಂದೇ ಕೈಯಲ್ಲಿ ಎಳೆಯುತ್ತ ರಸ್ತೆಗೆ ಅಡ್ಡ ಹೋಗಿ ನಿಂತ. ಗಾಜಿನ ಆಚೆ ಕಲ್ಮೇಶ ಸ್ಟೇರಿಂಗ್ ಹಿಡಿದು ಕುಳಿತಿದ್ದ. ಒಂದು ಏಟಿಗೆ ಗಾಜು, ಇನ್ನೊಂದಕ್ಕೆ ರೇಡಿಯೇಟರ್. ಬೀರೇಶನಿಗೆ ಅದು ಕಷ್ಟವಿರಲಿಲ್ಲ. ಪ್ರಮಿಳಾ ಅಂಗಡಿಯ ಹಿಂದಿನ ಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅವಳು ಬೇಡ ಎನ್ನಲೂ ಇಲ್ಲ, ಹೊಡಿ ಎನ್ನಲೂ ಇಲ್ಲ. ಬೀರೇಶ ಮುಂದಿನ ಗಾಲಿಯನ್ನು ನೋಡಿದ. ಟೈರಿನ ಮೇಲಿನ ಅಚ್ಚು ಆಳವಾಗಿತ್ತು, ಡಿಸ್ಕು ಗಟ್ಟಿ ಇತ್ತು. ತಾನೇ ಮುಂಜಾನೆ ಬಿಗಿದ ನಟ್ಟುಗಳು. ಸಮ್ಮಟಿಗೆಯನ್ನು ಕೆಳಗೆ ಬಿಟ್ಟು ಪಕ್ಕಕ್ಕೆ ಸರಿದ.

ಟೆಂಪೋ ಹೋಯಿತು. ನೋಡುತ್ತಿದ್ದವರಲ್ಲಿ ಯಾರೋ, "ಬೀರೇಶ ಅಂಜಿದಾ" ಎಂದರು. ಅವನು ಕೇಳಿಸಿಕೊಂಡ. ಜೀವನದಲ್ಲಿ ಮೊದಲ ಸಲ ಅಂಥ ಮಾತಿಗೆ ಕೈ ಎತ್ತಲಿಲ್ಲ. ಎತ್ತಲು ಇದ್ದದ್ದೂ ಒಂದೇ ಕೈ.

ಮರುದಿನ ಮುಂಜಾನೆ ಅವನು ಬಿದಿರಿನ ದಬ್ಬೆ ಕಟ್ಟಿಸಿಕೊಂಡ ಕೈಯನ್ನು ಎದೆಗೆ ಒತ್ತಿಕೊಂಡು ಅಂಗಡಿಯ ಮುಂದೆ ಕುಳಿತಿದ್ದ. ಆರು ಗಾಲಿಗಳ ಜಾಗ ಖಾಲಿ ಇತ್ತು. ಟೆಂಪೋ ಎಂದಿನಂತೆ ಮೂಲೆಗೆ ಬಂದು ನಿಂತಿತು. ಸಾವಂತ್ರವ್ವ ಡಬ್ಬಿ ಹೊತ್ತು ಇಳಿದಳು. ದಿನವೂ ತಮ್ಮನಲ್ಲಿ ಚಹಾ ಕುಡಿದೇ ಅವಳು ಮುಂದೆ ಹೋಗುವುದು.

"ಏ ತಮ್ಮಾ, ಇವತ್ತ ಗಾಡಿ ತೊಟ್ಟಿಲ ತೂಗಿದಂಗ ಬಂತ ನೋಡು. ಶಶಿಧರ ಸಾವ್ಕಾರ ಹೊಸಾ ಗಾಲಿ ಹಾಕಿಸ್ಯಾನಂತ. ದೊಡ್ಡ ಮನಸಿನ ಮನಷ್ಯಾ..." ಎನ್ನುತ್ತ ಬಂದವಳು ಅವನ ಮುಖ ನೋಡಿ ನಿಂತಳು. "ಮತ್ತ ಯಾರ ಕೂಡ ಬಡದಾಡಿದ್ಯೋ ಭಾಡ್ಯಾ? ನಿನಗ ಯಾವಾಗ ಬುದ್ಧಿ ಬರೋದು?"

ಪ್ರಮಿಳಾಗೆ ತಡೆಯಲಾಗಲಿಲ್ಲ. "ಅವನ್ನ ಯಾಕ ಬೈತೀರಿ ಅಕ್ಕಾರ? ಹೋಗಿ ಆ ದೊಡ್ಡ ಮನಸಿನ ಗಾಲಿ ವರಸಿ ನೋಡ್ರಿ."

ಸಾವಂತ್ರವ್ವ ಡಬ್ಬಿ ಇಳಿಸಿ ಹೋದಳು. ಟೆಂಪೋದ ಬದಿಗೆ ಕುಕ್ಕರಗಾಲಲ್ಲಿ ಕುಳಿತು ಸೆರಗಿನ ತುದಿಯಿಂದ ಟೈರಿನ ಧೂಳು ಒರೆಸಿದಳು. ಸೀಳು ಕಂಡಿತು. ಅದರ ಕೆಳಗೆ ಅರ್ಧಚಂದ್ರ. ಚಿಕ್ಕವಳಿದ್ದಾಗ ಎಷ್ಟೋ ಮರಿಗಳ ಬಾಯಿ ಅದುಮಿ ಹಿಡಿದು ಆ ಗುರುತು ಹಾಕಿಸಿದವಳು ಅವಳು. ಬೆರಳು ಅದರ ಮೇಲೆ ಒಂದು ಸಲ ಆಡಿತು, ಎರಡು ಸಲ ಆಡಿತು.

"ಏ ಬೀಡ್ಯಾವ್ರ, ಇಳದ ನೋಡ್ರಿ!" ಎಂದು ಎದ್ದು ಚೀರಿದಳು. "ಇದು ಯಾರ ಹಟ್ಟಿ ಗುರುತು? ಹೇಳ್ರಿ! ಗುರುಸಿದ್ದನ ಕುರಿ ಮ್ಯಾಲ ಕುಂತ ಬಂದೀರಿ ಎಲ್ಲಾರೂ!"

ಇಳಿದ ಇಬ್ಬರು ಮುದುಕರು ಬಗ್ಗಿ ನೋಡಿ ತಲೆ ಅಲ್ಲಾಡಿಸಿದರು. ಆ ಗುರುತು ಅವರಿಗೆ ಗೊತ್ತಿತ್ತು. ಕಲ್ಮೇಶ ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡ. "ನಾ ಏನ್ ಮಾಡ್ಲಿ ಸಾವಂತ್ರಕ್ಕಾ, ಧಣಿ ಹೇಳಿದ್ದ ಮಾಡಾಂವ ನಾ."

"ಹಂಗಾರ ನಿನ್ನ ಧಣಿ ಗಾಡೀ ಗಾಜ ಉಳಸಂಗಿಲ್ಲ ನಾ ಈಗ," ಎಂದವಳು ರಸ್ತೆಬದಿಯ ಕಲ್ಲೊಂದನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿದಳು. ಅಪ್ಪನ ಕೈ, ತಮ್ಮನ ಕೈ, ಅದೇ ಕೈ ಅವಳದೂ. ಕಲ್ಮೇಶ ಮುಖ ಮುಚ್ಚಿಕೊಂಡ.

ಬೀರೇಶ ಓಡಿ ಬಂದು ಗಟ್ಟಿಯಿದ್ದ ಕೈಯಿಂದ ಅವಳ ಮಣಿಕಟ್ಟು ಹಿಡಿದ.

"ಬಿಡೋ! ನಿನ್ನ ಅನ್ನಾ ಕಸಗೊಂಡಾನ ಅಂವಾ!"

"ಕಸಗೊಂಡಾನ, ಹೌದು. ಕಲ್ಲ ಇಳಸು."

"ಯಾಕ ಇಳಸ್ಲಿ?"

ಬೀರೇಶ ಉಬ್ಬಿದ ತುಟಿ ಒರೆಸಿಕೊಂಡ. "ಗಾಜ ಒಡದ್ರ ಗಾಡಿ ನಿಂದರತೈತಿ. ಗಾಡಿ ನಿಂತ್ರ ಅಂವ ಮತ್ತ ಯಾವದರ ಒಡಕ ಗಾಲಿ ಗಾಡಿ ತರ್ತಾನು. ನಾಳಿ ನೀ ಇದರಾಗ ಬರಬೇಕವಾ."

ಅವಳು ಕಲ್ಲನ್ನು ರಸ್ತೆಗೆ ಎಸೆದು, ತಮ್ಮನ ಬೆನ್ನಿಗೆ ಧಪ್ಪೆಂದು ಒಂದು ಗುದ್ದಿ, ಚಹಾ ಕುಡಿಯಲು ಒಳಗೆ ನಡೆದಳು.