ರಂಜಾನಿನ ನಾಲ್ಕು ಶನಿವಾರ

ಶನಿವಾರ ಬಂತೆಂದರೆ ಪಾಂಡವಪುರದ ಯೋಗಾನಂದ ಮನೆಯವರ ಮೇಲೆಲ್ಲ ಸಿಡುಕುತ್ತಾನೆ. ಅಂದು ಸಂಜೆ ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಪಬ್ಬಿನಲ್ಲಿ ಒಬ್ಬನೇ ಗಿಟಾರ್ ಹಿಡಿದು ಹಾಡಬೇಕು. ಆ ಜಾಗ ಮೊದಲು ದಿಲ್ಷಾದನದು. ಯೋಗಾನಂದನಿಗೆ ಗಿಟಾರ್ ಕಲಿಸಿದವನೂ ದಿಲ್ಷಾದನೇ.

ರಂಜಾನ್ ತಿಂಗಳಲ್ಲಿ ದಿಲ್ಷಾದ್ ಪಬ್ಬಿನ ಮೆಟ್ಟಿಲು ತುಳಿಯುವುದಿಲ್ಲ. “ನಾಲ್ಕು ಶನಿವಾರ ನೀನು ಹಾಡು ಕಣ್ಲಾ, ಹಬ್ಬ ಆದ್ಮೇಲೆ ನಾನು ಬತ್ತೀನಿ,” ಎಂದು ತನ್ನ ಗಿಟಾರನ್ನೇ ಅವನ ಹೆಗಲಿಗೇರಿಸಿದ್ದ. ನಾಲ್ಕನೇ ಶನಿವಾರ ಪಬ್ಬಿನ ಮಾಲೀಕ, “ನಮಗೆ ವರ್ಷಪೂರ್ತಿ ಬರೋರು ಬೇಕು. ಇನ್ಮೇಲೆ ನೀನೇ ಬಾ,” ಎಂದಾಗ ಯೋಗಾನಂದ ದಿಲ್ಷಾದನ ಹೆಸರನ್ನೂ ಎತ್ತದೆ ತಲೆಯಾಡಿಸಿಬಿಟ್ಟ.

ಹಬ್ಬದ ದಿನ ಎಲ್ಲ ಹೇಳಿಬಿಡೋಣವೆಂದು ಗಿಟಾರ್ ಹೊತ್ತು ದಿಲ್ಷಾದನ ಮನೆಗೆ ಹೋದ. ದಿಲ್ಷಾದ್ ಶ್ಯಾವಿಗೆ ಪಾಯಸದ ಬಟ್ಟಲು ಕೈಗಿಟ್ಟು, “ಮಾಲೀಕ ಫೋನ್ ಮಾಡಿದ್ದ ಕಣ್ಲಾ. ಬೇರೆ ಯಾರೋ ಸಿಕ್ಕವ್ರೆ, ನೀನು ಬರ್ಬ್ಯಾಡ ಅಂದ. ನನ್ನ ನಂಬ್ಕೊಂಡು ನಿಂಗೂ ಜಾಗ ಇಲ್ದಂಗಾಯ್ತು,” ಎಂದು ನೊಂದುಕೊಂಡ. ಗಿಟಾರನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ. “ನೀನೇ ಇಟ್ಕೊ. ಎಲ್ಲಾದ್ರೂ ಹಾಡು.”

ಯೋಗಾನಂದನ ಬಾಯ್ತುಂಬ ಪಾಯಸವಿತ್ತು. ನುಂಗಿಕೊಂಡು, “ಆಯ್ತು ಭಾಯ್,” ಎಂದ.